ಎಲ್ಲರೂ ಕಂಬದಿಂದ ಇಳಿದಿದ್ದಾರೆ

ಬಾಗಿಲಲ್ಲಿ ನಿಂತವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ತಲೆಯಿಂದ ಕಾಲಿನವರೆಗೆ ಒದ್ದೆ. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ರಬ್ಬರ್ ಗ್ಲೌಸು, ತೋಳಿಗೆ ಅಂಟಿಕೊಂಡ ಎಲೆಗಳು. ಕಣ್ಣು ಮಾತ್ರ ಕೆಂಡ.

"ನಾನೇ," ಎಂದ. ಅದು ಧ್ವನಿಯೇ ಅಲ್ಲ, ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗಿತ್ತು. "ಈಗಲಾದ್ರೂ ಕರೆಂಟ್ ಕೊಡ್ತೀರಾ?"

ಒಂದು ವರ್ಷದಿಂದ ಯಾರ ಮುಖ ಹೇಗಿರಬಹುದೆಂದು ದಿನಾ ಊಹಿಸುತ್ತಿದ್ದಳೋ ಅವನು ಇವನೇನಾ? ಇಷ್ಟು ಉದ್ದಕ್ಕೆ, ಇಷ್ಟು ಸಿಟ್ಟಿನಲ್ಲಿ?

ಮನಸ್ಸು ಏನೇ ಹೇಳಲಿ, ಬಾಯಿ ಬೇರೆಯದನ್ನೇ ಹೇಳಿತು.

"ಮೊದಲು ಕಾರ್ಡ್ ತೋರಿಸಿ."

ಅವಳನ್ನು ಕಲ್ಲುಮನಸ್ಸಿನವಳು ಅಂದುಕೊಳ್ಳಬೇಡಿ. ಆ ಮಧ್ಯಾಹ್ನ ನಡೆದದ್ದನ್ನು ಕೇಳಿ, ಆಮೇಲೆ ನೀವೇ ಹೇಳಿ.

ಅವಳು ಊರಾಚೆಯ ಸಬ್‌ಸ್ಟೇಷನ್ನಿನ ಆಪರೇಟರ್. ಇಡೀ ಊರಿಗೆ ಕರೆಂಟು ಹೊರಡುವುದು ಅವಳ ಮುಂದಿನ ಆ ಬೂದುಬಣ್ಣದ ಪೆಟ್ಟಿಗೆಗಳ ಸಾಲಿನಿಂದ. ಅವನು ಊರೊಳಗಿನ ಲೈನ್‌ಮ್ಯಾನ್. ಜನ ಅವನನ್ನು ಕರೆಯುವುದು 'ಏಣಿ' ಅಂತ, ಅಷ್ಟು ಎತ್ತರ. ಇಬ್ಬರ ನಡುವೆ ಆರು ಮೈಲಿ ತಂತಿ, ಒಂದು ಫೋನು. ಮುಖಾಮುಖಿ ಒಮ್ಮೆಯೂ ಇಲ್ಲ.

ಕಂಬ ಹತ್ತುವ ಮುಂಚೆ ಅವನು ಫೋನ್ ಮಾಡಿ 'ಲೈನ್ ಕ್ಲಿಯರ್' ಕೇಳಬೇಕು. ಅವಳು ಕರೆಂಟು ತೆಗೆದು, ಬೀಗ ಹಾಕಿ, ಅವನ ಹೆಸರು, ವೇಳೆ ಬರೆದುಕೊಳ್ಳಬೇಕು. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ, ತನ್ನ ಬಾಯಿಂದಲೇ ವಾಪಸ್ ಕೊಡಬೇಕು. ಮೇಲಿನವರು ಹೇಳಲಿ, ಜನ ಬಂದು ಗೇಟು ಮುರಿಯಲಿ, ಬೇರೆಯವರ ಮಾತಿಗೆ ಸ್ವಿಚ್ಚು ಮುಟ್ಟುವಂತಿಲ್ಲ. ಕಂಬದ ಮೇಲಿರುವವನ ಜೀವ ಅವಳ ಬೆರಳ ತುದಿಯಲ್ಲಿರುತ್ತದೆ.

"ನಾನು, ನನ್ನ ಜನ, ಎಲ್ಲರೂ ಕಂಬದಿಂದ ಇಳಿದಿದ್ದೇವೆ," ಎಂದು ಅವನು ಹೇಳುತ್ತಿದ್ದ ರೀತಿಯೇ ಬೇರೆ. ಮನೆಗೆ ಬಂದವನು ಚಪ್ಪಲಿ ಬಿಡುತ್ತಾ ಹೇಳಿದ ಹಾಗೆ ನಿರಾಳವಾಗಿ. ಆಮೇಲೆ ತಪ್ಪದೆ ಇನ್ನೊಂದು ಮಾತು. "ಮೇಡಂ, ಊಟ ಆಯ್ತಾ?"

"ಆಯ್ತು. ಕೆಲಸ ನೋಡಿ," ಎನ್ನುತ್ತಿದ್ದಳು ಅವಳು. ಆಗಿರುತ್ತಿರಲಿಲ್ಲ. ಅವನು ಇಳಿಯುವವರೆಗೆ ಅವಳು ಡಬ್ಬಿಯ ಮುಚ್ಚಳ ತೆಗೆದದ್ದೇ ಇಲ್ಲ.

ಆ ದಿನ ಮಧ್ಯಾಹ್ನ ಎರಡಕ್ಕೆ ಗಾಳಿ ಎದ್ದಿತು. ಅಂತಿಂಥ ಗಾಳಿಯಲ್ಲ. ಎದುರಿನ ಗ್ಯಾರೇಜಿನ ತಗಡು ಹಪ್ಪಳದಂತೆ ಹಾರಿ ಹೋಯಿತು. ಗಾಳಿಗೆ ತಂತಿಗಳು ಜೋತಾಡಿ ಒಂದಕ್ಕೊಂದು ಬಡಿದುಕೊಂಡರೆ, ನೆನೆದ ಕೊಂಬೆ ಮೇಲೆ ಬಿದ್ದರೆ, ಸ್ಟೇಷನ್ನಿನ ಬ್ರೇಕರ್ ತಾನಾಗಿಯೇ ಕರೆಂಟು ಕಡಿಯುತ್ತದೆ. ಜನ ಬೈಯುತ್ತಾರೆ. ಆದರೆ ಅದು ಕಡಿಯದಿದ್ದರೆ ರಸ್ತೆಯಲ್ಲಿ ಬಿದ್ದ ತಂತಿಯನ್ನು ತುಳಿದವರ ಗತಿ?

ನಾಲ್ಕನೇ ಲೈನು ಕಡಿಯಿತು. ಅವಳು ಒಮ್ಮೆ ಹಾಕಿ ನೋಡಿದಳು. ಮತ್ತೆ ಕಡಿಯಿತು. ಎಲ್ಲೋ ಮರ ಬಿದ್ದಿದೆ ಎಂದುಕೊಳ್ಳುವಷ್ಟರಲ್ಲಿ ಅವನ ಫೋನು.

"ಮೇಡಂ, ಮೂರು ಕಡೆ ಮರ ಬಿದ್ದಿದೆ. ಲೈನ್ ಕ್ಲಿಯರ್ ಕೊಡಿ. ನಾನು, ಜೊತೆಗೆ ಐದು ಜನ."

"ಗಾಳಿ ನಿಂತ ಮೇಲೆ ಹತ್ತಿ."

"ಮೊದಲು ಕೆಳಗಿನ ಮರ ಕಡಿತೀವಿ. ನಿಂತ ಮೇಲೇನೇ ಹತ್ತೋದು. ಭಯ ಬೇಡ."

ಅವಳು ಲೈನಿಗೆ ಬೀಗ ಹಾಕಿ ಅವನ ಹೆಸರು, ವೇಳೆ ಬರೆದುಕೊಂಡಳು. ಭಯ ಬೇಡವಂತೆ! ಗಾಳಿ ಬಂದರೆ ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತದೆ. ಈ ಜನ ಬಾಗಿಲು ತೆಗೆದುಕೊಂಡು ಹೊರಗೆ ಹೋಗುತ್ತಾರೆ. ಅವಳಿಗೆ ಅವನ ಮೇಲೆ ಇದ್ದದ್ದು ಬರೀ ಪ್ರೀತಿಯೇ ಅಲ್ಲ, ಅದರಲ್ಲಿ ಮುಕ್ಕಾಲು ಪಾಲು ಮೆಚ್ಚುಗೆ. ಅವಳಿಗೂ ಅದು ಗೊತ್ತಿತ್ತು.

ನಾಲ್ಕೂ ಹತ್ತಕ್ಕೆ ಫೋನು ಬಂತು. ಅವನ ಫೋನೇ. ಆದರೆ ಮಾತಾಡಿದ್ದು ಯಾರೋ.

"ಎಲ್ಲ... ಇಳಿದಿದ್ದೇವೆ. ಲೈನ್ ಕ್ಲಿಯರ್ ವಾಪಸ್."

"ನೀವು ಯಾರು? ಅವರಿಗೆ ಫೋನ್ ಕೊಡಿ."

"ನಾನೇ ಮೇಡಂ... ಗಂಟಲು ಹೋಗಿದೆ."

ಅವಳ ಬೆರಳು ಸ್ವಿಚ್ಚಿನ ಹತ್ತಿರ ಹೋಯಿತು. ಅಲ್ಲಿಯೇ ನಿಂತಿತು. ಅವನೇ ಇರಬಹುದು... ಇಲ್ಲದಿದ್ದರೆ? ಅವನು ಇನ್ನೂ ಮೇಲಿದ್ದು, ಆತುರಕ್ಕೆ ಬಿದ್ದ ಯಾರೋ ಅವನ ಫೋನಿಂದ ಮಾತಾಡುತ್ತಿದ್ದರೆ?

"ಆಗಲ್ಲ. ಅವರನ್ನ ಕರೀರಿ," ಎಂದಳು.

ಆ ಕಡೆ ಫೋನು ಕಟ್ಟಾಯಿತು.

ಐದೇ ನಿಮಿಷಕ್ಕೆ ಸೆಕ್ಷನ್ ಆಫೀಸಿನ ಸಾಹೇಬರ ಫೋನು. "ಏನಮ್ಮಾ ಇದು? ಆಸ್ಪತ್ರೆಯವರು ಜನರೇಟರ್ ಕೈಕೊಡ್ತಿದೆ ಅಂತಿದ್ದಾರೆ, ನೀರಿನ ಪಂಪ್ ನಿಂತಿದೆ. ಕೆಲಸ ಮುಗಿದಿದೆಯಂತೆ, ಹಾಕು."

"ತಗೊಂಡವರು ವಾಪಸ್ ಕೊಡಲಿ ಸರ್, ಹಾಕ್ತೀನಿ."

"ಮೆಮೊ ಬರುತ್ತೆ ನೋಡು."

"ಬರಲಿ ಸರ್."

ಹೀಗೆ ಮುಕ್ಕಾಲು ಗಂಟೆ. ಬಿದ್ದ ಮರಗಳ ನಡುವೆ ಬೈಕು ನುಗ್ಗಿಸಿಕೊಂಡು ಅವನೇ ಬಂದು ಈಗ ಬಾಗಿಲಲ್ಲಿ ನಿಂತಿದ್ದಾನೆ.

ಅವನು ಕಾರ್ಡು ಮೇಜಿನ ಮೇಲೆ ಇಟ್ಟ. ಇಟ್ಟ ಅನ್ನುವುದಕ್ಕಿಂತ ಬಡಿದ. ಅವಳು ಕಾರ್ಡು ನೋಡಿದಳು, ಮುಖ ನೋಡಿದಳು.

"ನಿಮ್ಮ ಜನ?"

"ಎಲ್ಲ ಕೆಳಗಿದ್ದಾರೆ ಅಂತ ಆಗಲೇ ಹೇಳಿದ್ನಲ್ಲ."

"ಆಗ ಇದ್ರು. ಈಗ?"

ಅವಳು ತಾನೇ ಗ್ಯಾಂಗಿನ ಹಿರಿಯನಿಗೆ ಫೋನ್ ಮಾಡಿದಳು. ಎಲ್ಲರೂ ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಐದೂ ಜನರ ಕೈಗೆ ಫೋನು ಕೊಡಿಸಿ, ಒಬ್ಬೊಬ್ಬರ ಬಾಯಿಂದಲೂ "ಕೆಳಗಿದ್ದೀನಿ" ಅನ್ನಿಸಿದಳು. ಆಮೇಲೆ ಪುಸ್ತಕ ಮುಂದೆ ತಳ್ಳಿದಳು. ಅವನು ಸಹಿ ಹಾಕಿದ. ಅವಳು ಬೀಗ ತೆಗೆದು ಸ್ವಿಚ್ಚು ತಿರುಗಿಸಿದಳು.

ನಾಲ್ಕನೇ ಲೈನು ಈ ಸಲ ಕಡಿಯಲಿಲ್ಲ. ಊರಿಗೆ ಕರೆಂಟು ಬಂದಾಗ ಗಂಟೆ ಐದು.

"ಒಂದು ವರ್ಷ ಮಾತಾಡಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯ್ತು," ಎಂದ ಅವನು ಅದೇ ಪಿಸುದನಿಯಲ್ಲಿ. "ನನ್ನ ಮಾತಿಗೆ ಇಷ್ಟೇನಾ ಬೆಲೆ? ನನ್ನ ಜನರ ಮುಂದೆ ನನ್ನನ್ನ ಸುಳ್ಳುಗಾರ ಮಾಡಿಬಿಟ್ರಿ."

ಬೈಗುಳ ಪಿಸುಮಾತಿನಲ್ಲಿ ಬಂದರೆ ಇನ್ನಷ್ಟು ನೋಯುತ್ತದೆ ಎಂದು ಅವಳಿಗೆ ಅಂದು ಗೊತ್ತಾಯಿತು. ಅಷ್ಟರಲ್ಲಿ ಬೈಕಿನ ಸದ್ದು ಗೇಟು ದಾಟಿತ್ತು.

ಮನೆಗೆ ಬಂದು ಅಕ್ಕನ ಮುಂದೆ ಎಲ್ಲ ಹೇಳಿದಳು. ಅಕ್ಕ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ ಕೇಳಿಸಿಕೊಂಡಳು.

"ಚೆನ್ನಾಗಿದೆ ಕಣೆ ನಿನ್ನ ಕಥೆ. ಮುಖ ನೋಡದೆ ಮನಸ್ಸು ಕೊಟ್ಟೆ. ಮುಖ ನೋಡಿದ ದಿನವೇ ಜಗಳ ಆಡ್ಕೊಂಡು ಬಂದೆ."

"ನಾನೆಲ್ಲಿ ಆಡ್ದೆ? ಅವರೇ ಆಡಿ ಹೋದ್ರು."

"ಸರಿ. ನೋಡೋಕೆ ಹೇಗಿದ್ದಾನೆ?"

"ಅಕ್ಕಾ..."

"ಕೇಳ್ದೆ ಅಷ್ಟೇ."

ಮರುದಿನದಿಂದ ಅವನ ಫೋನು ನಿಂತುಹೋಯಿತು. ಲೈನ್ ಕ್ಲಿಯರ್ ಕೇಳಲು ಬೇರೆ ಯಾರೋ ಮಾಡುತ್ತಿದ್ದರು. ಊಟ ಆಯ್ತಾ ಎಂದು ಕೇಳುವವರಿಲ್ಲ. ಡಬ್ಬಿ ಮುಚ್ಚಿದಂತೆಯೇ ಮನೆಗೆ ವಾಪಸ್ ಬರತೊಡಗಿತು. ಅಕ್ಕ ಅದನ್ನು ತೆರೆದು ನೋಡಿ, ಮತ್ತೆ ಮುಚ್ಚಿಡುತ್ತಿದ್ದಳು.

ನಾಲ್ಕನೇ ದಿನ ಮೆಮೊ ಬಂತು. ಲೈನ್ ಕ್ಲಿಯರ್ ವಾಪಸ್ ಬಂದ ಮೇಲೂ ಐವತ್ತು ನಿಮಿಷ ಊರನ್ನು ಕತ್ತಲಲ್ಲಿಟ್ಟದ್ದು ಯಾಕೆ? ಶುಕ್ರವಾರ ವಿಚಾರಣೆ. ತಪ್ಪೆಂದು ತೀರ್ಮಾನವಾದರೆ ಎಂಟು ಗಂಟೆ ದಾರಿಯ ಸ್ಟೇಷನ್ನಿಗೆ ವರ್ಗ. ಅಕ್ಕನಿಗೆ ತನ್ನನ್ನು ಬಿಟ್ಟರೆ ಯಾರೂ ಇಲ್ಲ, ಅಕ್ಕನ ಗಿರಾಕಿಗಳೆಲ್ಲ ಇದೇ ಬೀದಿಯವರು.

ಗಾಯದ ಮೇಲೆ ಬರೆ ಎಂಬಂತೆ ಸೆಕ್ಷನ್ ಆಫೀಸಿನ ಗುಮಾಸ್ತ ಇನ್ನೊಂದು ಸುದ್ದಿ ಹೇಳಿದ. "ಏಣಿ ಎರಡು ಪುಟ ಹೇಳಿಕೆ ಬರೆದು ಕೊಟ್ಟಿದ್ದಾನೆ. ಕೇಳದೇನೇ ಕೊಟ್ಟ."

ಎರಡು ಪುಟ! ಅಷ್ಟೊಂದು ಸಿಟ್ಟಾ ನನ್ನ ಮೇಲೆ? ಅವಳು ಅಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆದರೆ ಅಷ್ಟೆಲ್ಲ ಅತ್ತ ಮೇಲೂ, ಮತ್ತೆ ಅಂಥದೇ ಮಧ್ಯಾಹ್ನ ಬಂದರೆ ಏನು ಮಾಡುತ್ತೀಯ ಎಂದು ತನ್ನನ್ನೇ ಕೇಳಿಕೊಂಡಳು. ಅದನ್ನೇ ಮಾಡುತ್ತೇನೆ ಎಂದಿತು ಮನಸ್ಸು.

ಶುಕ್ರವಾರ ಸಾಹೇಬರ ಕೋಣೆಯಲ್ಲಿ ಅವಳು ಒಂದು ಕುರ್ಚಿಯಲ್ಲಿ, ಅವನು ಗೋಡೆಯ ಪಕ್ಕ ನಿಂತು. ದೊಡ್ಡಪ್ಪ ಬಾಗಿಲ ಬಳಿ ಟೋಪಿ ಹಿಸುಕುತ್ತಾ. ಅವಳು ಅವನ ಕಡೆ ನೋಡಲಿಲ್ಲ.

ಸಾಹೇಬರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯವರು. ಕನ್ನಡಕ ಏರಿಸಿ, "ಏನಪ್ಪಾ, ನೀನು ಬರೆದದ್ದನ್ನ ನೀನೇ ಹೇಳಿಬಿಡು," ಎಂದರು.

ಅವನು ಗಂಟಲು ಸರಿಮಾಡಿಕೊಂಡ. ಧ್ವನಿ ಮರಳಿ ಬಂದಿತ್ತು. ಒಂದು ವರ್ಷ ಕೇಳಿದ ಅದೇ ಧ್ವನಿ. ಅವಳು ಸೆರಗಿನ ಅಂಚು ಬಿಗಿಯಾಗಿ ಹಿಡಿದುಕೊಂಡಳು.

"ತಪ್ಪು ನನ್ನದು ಸರ್. ಮೇಡಂದಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು.

"ಕೆಲಸ ಮುಗಿದ ಮೇಲೆ ಐದು ತಲೆ ಎಣಿಸಿದೆ ಸರ್. ಎಲ್ಲ ಕೆಳಗಿದ್ರು. ಫೋನ್ ಮಾಡೋ ಮುಂಚೆ ನಾನು ಜೋರಾಗಿ ಕೂಗಿ ಹೇಳ್ಬೇಕು, ಇನ್ನು ಯಾರೂ ಕಂಬ ಮುಟ್ಟಬೇಡಿ ಅಂತ. ಹದಿನೈದು ವರ್ಷದಿಂದ ಕೂಗಿದ್ದೀನಿ. ಅವತ್ತು ಗಾಳಿಯಲ್ಲಿ ಅರಚಿ ಅರಚಿ ಗಂಟಲು ಹೋಗಿತ್ತು. ಎಲ್ಲ ಇಳಿದಿದ್ದಾರಲ್ಲ ಅಂತ ಕೂಗದೇನೇ ಸಿಗ್ನಲ್ ಹುಡುಕ್ಕೊಂಡು ರಸ್ತೆ ತಿರುವಿಗೆ ಹೋದೆ. ಅಲ್ಲಿಂದ ಫೋನ್ ಮಾಡ್ದೆ."

ಅವನು ನಿಲ್ಲಿಸಿದ. ಮುಂದಿನದನ್ನು ದೊಡ್ಡಪ್ಪನೇ ಹೇಳಿದರು.

"ಎರಡು ಕಂಬದಾಚೆ ಒಂದು ಕೊಂಬೆ ತಂತಿ ಮೇಲೆ ಉಳಿದಿತ್ತು ಸರ್. ಕೂಗು ಕೇಳ್ಲಿಲ್ಲ, ಇನ್ನೂ ಟೈಮಿದೆ ಅಂದ್ಕೊಂಡು ನಾನು ಹತ್ತಿದೆ. ಇವನು ಫೋನಲ್ಲಿ ಎಲ್ಲ ಇಳಿದಿದ್ದೇವೆ ಅಂತಿದ್ದಾಗ ನನ್ನ ಎರಡೂ ಕೈ ತಂತಿ ಮೇಲಿತ್ತು."

ಸಾಹೇಬರು ದೊಡ್ಡಪ್ಪನ ಕೈಗಳನ್ನೇ ನೋಡಿದರು.

"ಮರುದಿನ ದೊಡ್ಡಪ್ಪ ಅದನ್ನ ತಮಾಷೆಗೆ ಹೇಳಿದ್ರು," ಎಂದ ಅವನು. "ಮೇಡಂ ನನ್ನ ಮಾತು ನಂಬಿ ಕರೆಂಟ್ ಹಾಕಿದ್ರೆ ಇವತ್ತು ಇವರು ಇಲ್ಲಿ ನಿಂತಿರ್ತಿರಲಿಲ್ಲ. ನನ್ನ ಮಾತಿಗೆ ಬೆಲೆ ಇಲ್ವಾ ಅಂತ ಅವರ ಮೇಲೆ ರೇಗಿದ್ದೆ. ಅವತ್ತು ನನ್ನ ಮಾತಿಗೆ ನಿಜವಾಗ್ಲೂ ಬೆಲೆ ಇರಲಿಲ್ಲ ಸರ್. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ. ಅವರನ್ನ ಆ ಸ್ಟೇಷನ್ನಿಂದ ಮಾತ್ರ ಕದಲಿಸಬೇಡಿ. ನಾವು ಕಂಬ ಹತ್ತೋದು ಅಲ್ಲಿ ಅಂಥವರು ಕೂತಿರ್ತಾರೆ ಅನ್ನೋ ಧೈರ್ಯದ ಮೇಲೆ."

ಅವಳ ಕಣ್ಣು ತುಂಬಿತು. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತನ್ನ ತಪ್ಪನ್ನು ತಾನೇ ಕೈಯಾರೆ ಬರೆದು, ಎರಡು ಪುಟ ಮಾಡಿ, ಕೇಳುವ ಮುಂಚೆಯೇ ಕೊಟ್ಟವನು! ಕಂಬ ಹತ್ತುವುದಕ್ಕಿಂತ ಇದಕ್ಕೆ ಹೆಚ್ಚು ಎದೆಗಾರಿಕೆ ಬೇಕು. ಇಂಥವನನ್ನು ಏನೆಂದುಕೊಂಡು ಬಿಟ್ಟೆ ನಾನು...

ಸಾಹೇಬರು ತುಂಬಾ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಮೆಮೊ ಹರಿದರು. ದೊಡ್ಡಪ್ಪನಿಗೆ ಚೆನ್ನಾಗಿ ಬೈದರು. ಅವನಿಗೆ ಮೂರು ತಿಂಗಳು ಲೈನ್ ಕೆಲಸವಿಲ್ಲ, ಸ್ಟೋರಿನಲ್ಲಿ ಸಾಮಾನು ಎಣಿಸಬೇಕು.

"ಆಯ್ತು ಸರ್," ಎಂದ ಅವನು, ಇದು ಕಡಿಮೆಯಾಯಿತು ಎನ್ನುವಂತೆ.

ಹೊರಗೆ ಜಗಲಿಯಲ್ಲಿ ಅವಳು ಅವನನ್ನು ತಡೆದು ನಿಲ್ಲಿಸಿದಳು.

"ಹತ್ತು ದಿನ ಯಾಕೆ ಫೋನ್ ಮಾಡ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಮಾಡ್ಲಿ ಮೇಡಂ?"

"ಫೋನಿಗೆ ಮುಖ ಯಾಕೆ ಬೇಕು?"

ಅವನಿಗೆ ನಗು ಬಂತು, ನುಂಗಿಕೊಂಡ. ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಾ, "ಒಂದು ಮಾತು ಕೇಳ್ಲಾ? ಅವತ್ತು ನಾನೇ ಅಂತ ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?" ಎಂದ.

ಅವಳು ಸುಳ್ಳು ಹೇಳಬಹುದಿತ್ತು.

"ಹೆಚ್ಚುಕಮ್ಮಿ ಗೊತ್ತಾಗಿತ್ತು. ಹೆಚ್ಚುಕಮ್ಮಿ ಅನ್ನೋದನ್ನ ನಂಬ್ಕೊಂಡು ನಿಮ್ಮ ಜೀವ ಪಣಕ್ಕಿಡೋಕೆ ನನ್ನಿಂದ ಆಗ್ಲಿಲ್ಲ."

"ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ?"

"ಆಗಲೂ ಹಾಕ್ತಿರಲಿಲ್ಲ." ಅವಳು ತಲೆ ತಗ್ಗಿಸಿದಳು. "ಆದ್ರೆ ಕೈ ನಡುಗ್ತಿರಲಿಲ್ಲ."

ಇಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ನಿಂತದ್ದನ್ನು ನೋಡಿ ಅವಳೇ ಗಾಬರಿಯಾದಳು. ದೂರದಲ್ಲಿ ದೊಡ್ಡಪ್ಪ ಇತ್ತ ನೋಡಿ, ಅವಸರವಾಗಿ ಅತ್ತ ತಿರುಗಿ ನಿಂತರು.

"ಇನ್ನು ಮೂರು ತಿಂಗಳು ಸ್ಟೋರು," ಎಂದ ಅವನು ಕೊನೆಗೆ. "ನಿಮಗೆ ಫೋನ್ ಮಾಡೋಕೆ ಕಾರಣವೇ ಇರಲ್ಲ."

"ಕಾರಣ ಇಲ್ದೆ ಮಾಡಿ."

"ಏನಂತ ಹೇಳ್ಲಿ?"

"ದಿನಾ ಸಂಜೆ ಮನೆ ಸೇರಿದೆ ಅಂತ ಹೇಳಿ, ಸಾಕು. ಪುಸ್ತಕದಲ್ಲಿ ಬರ್ಕೊಳ್ಳಲ್ಲ. ಸುಮ್ಮನೆ ಕೇಳಿಸ್ಕೊಳ್ತೀನಿ."

"ಮುಂದೆ ಒಂದು ದಿನ ಆ ಮನೇಲಿ ನೀವೇ ಇದ್ರೆ? ಆಗ ಯಾರಿಗೆ ಫೋನ್ ಮಾಡ್ಲಿ?"

ಅವಳ ಮುಖ ಕೆಂಪಾಯಿತು. ಉತ್ತರ ಮಾತ್ರ ಕೂಡಲೇ ಬಂತು.

"ಆಗ ಬಂದು ಬಾಗಿಲು ತಟ್ಟಿ. ತೆಗೆದೇ ಇಟ್ಟಿರ್ತೀನಿ... ಆದ್ರೂ ತಟ್ಟಿ."