ಮುಳ್ಳು ಹಾಕಿದ ಊರು

ನಾಳೆ ನಮ್ಮ ಮನೆಯವರೆಲ್ಲ ತೋಪಿಗೆ ಬರುತ್ತಾರೆ ಎಂದು ಲಕ್ಕಣ್ಣ ಹಿಂದಿನ ಸಂಜೆಯೇ ಹೇಳಿದ್ದ. ಹೇಳುವಾಗ ನನ್ನ ಮುಖ ನೋಡದೆ ಮಾವಿನ ಮರ ನೋಡಿದ್ದ. ನನಗೆ ಅಷ್ಟು ಸಾಕಾಯಿತು. ಬೆಳಿಗ್ಗೆ ಎದ್ದವಳೇ ಟ್ರಂಕಿನ ತಳದಿಂದ ನೀಲಿ ವಾಯಿಲ್ ಸೀರೆ ತೆಗೆದು ಉಟ್ಟು, ಹುಡುಗಿಯರಿಗೆ ಡ್ರಿಲ್ ಮಾಡಿಸುತ್ತಾ ದಾರಿ ಕಾದೆ.

ಯಶವಂತಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಟೀಚರ್. ಅರವತ್ತೊಂದರ ಬೇಸಿಗೆಯಲ್ಲಿ ನಮ್ಮ ಕ್ಯಾಂಪ್ ಬಾಗಲೂರಿನ ಆಚೆಯ ಒಂದು ಹಳ್ಳಿಯ ತೋಪಿನಲ್ಲಿತ್ತು. ಯಲಹಂಕದಲ್ಲಿ ಎಸ್ಸೆಸ್ಸೆಲ್ಸಿ ಓದಿ ಬಂದು ಹೊಲ ನೋಡಿಕೊಳ್ಳುತ್ತಿದ್ದ ಲಕ್ಕಣ್ಣ ನಮಗೆ ದಿನಾ ನೀರು ಸೇದಿಕೊಡುತ್ತಿದ್ದ. ಎರಡು ಕೊಡ ಸಾಕು ಎಂದರೆ ನಾಲ್ಕು ಸೇದುತ್ತಿದ್ದ. ನಾನೂ ಬೇಡ ಎನ್ನುತ್ತಿರಲಿಲ್ಲ.

ಬಂದರು. ಮನೆಯವರಷ್ಟೇ ಅಲ್ಲ, ಊರಿಗೆ ಊರೇ ಬಂತು. ಹಸು, ಮೇಕೆ, ಕೋಳಿ, ಕೋಲೂರಿದ ಅಜ್ಜಿಯರು. ಹೆಣ್ಣು ನೋಡೋದಕ್ಕೆ ಕೋಳಿ ಯಾಕೆ ಎಂದು ನನಗೆ ಹೊಳೆಯುವ ಹೊತ್ತಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಅವತ್ತು ಹೊರಬೀಡು ಎಂದು ಲಕ್ಕಣ್ಣ ನಗು ತಡೆದುಕೊಂಡು ವಿವರಿಸಿದ. ವರ್ಷಕ್ಕೊಂದು ದಿನ ಊರನ್ನು ಮಾರಮ್ಮನಿಗೆ ಬಿಟ್ಟುಕೊಟ್ಟು ಎಲ್ಲರೂ ತೋಪಿನಲ್ಲೇ ಬೇಯಿಸಿ ಉಣ್ಣಬೇಕು. ಊರಬಾಗಿಲಿಗೆ ಮುಳ್ಳು ಹಾಕುವವರು ಅವನ ಅಪ್ಪ, ಊರ ಯಜಮಾನ ದೊಡ್ಡಮುನಿಯಪ್ಪ. ಸಂಜೆ ಆ ಮುಳ್ಳು ತೆಗೆಯುವವರೆಗೆ ಒಳಗೆ ಯಾರೂ ಕಾಲಿಡುವಂತಿಲ್ಲ, ಒಂದು ಕಿಡಿ ಬೆಂಕಿ ಹೊತ್ತಿಸುವಂತಿಲ್ಲ. ತಪ್ಪಿದವರನ್ನು ಊರವರೆಲ್ಲ ಕೂಡಿ ಒಪ್ಪುವವರೆಗೆ ಒಳಕ್ಕೆ ಸೇರಿಸುವುದಿಲ್ಲ.

"ಸೀರೆ ಚೆನ್ನಾಗಿದೆ ಮಿಸ್. ಇವತ್ತೇನು ವಿಶೇಷ?" ಎಂದ.

"ಉಳಿದಿದ್ದೆಲ್ಲ ಒಗೆಯೋಕೆ ಹಾಕಿದೀನಿ," ಎಂದೆ. ಅವನು ನಂಬಲಿಲ್ಲ. ಕಣ್ಣಲ್ಲೇ ಗೊತ್ತಾಯಿತು.

ಮಧ್ಯಾಹ್ನ ಊಟದ ಸೀಟಿ ಊದಿದೆ. ಖುರ್ಷೀದ್ ಬರಲಿಲ್ಲ. ಹೆಬ್ಬಾಳದ ಈ ಹುಡುಗಿ ಊಟವೆಂದರೆ ಎಲ್ಲರಿಗಿಂತ ಮುಂದೆ ಬಂದು ನಿಲ್ಲುವವಳು. ಟೆಂಟಿನಲ್ಲಿಲ್ಲ, ಕೆರೆ ಏರಿಯ ಮೇಲಿಲ್ಲ. ಬಾವಿಗೂ ಬಗ್ಗಿ ನೋಡಿದೆ. ಕ್ಯಾಂಪಿಗೆ ಹೊರಟ ದಿನ ಅವಳ ತಾಯಿ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು ಹೋಗಿದ್ದರು.

ಗದರಿದ ಮೇಲೆ ಅವಳ ಗೆಳತಿಯರು ಅಳುತ್ತಾ ಬಾಯಿಬಿಟ್ಟರು. ಖಾಲಿ ಊರಿಗೆ ನುಗ್ಗಿ ಯಜಮಾನರ ಮನೆ ಜಗುಲಿ ಮುಟ್ಟಿ ಬರಬೇಕೆಂದು ಪಂಥ ಕಟ್ಟಿದ್ದರಂತೆ. ಹೋದವಳು ವಾಪಸು ಬಂದಿರಲಿಲ್ಲ.

ಲಕ್ಕಣ್ಣ ಆಗಲೇ ಬಾವಿಯ ಹಗ್ಗ ಬಿಚ್ಚುತ್ತಿದ್ದ. "ಮಿಸ್, ನಮ್ಮ ಜಗುಲಿ ಮುಂದೇನೇ ಹಗೇವಿದೆ. ಬಾಯಿ ತೆಗೆದಿಟ್ಟಿದೀನಿ."

ಹಗೇವೆಂದರೆ ನೆಲದೊಳಗೆ ರಾಗಿ ತುಂಬಿಡುವ ಆಳದ ಗುಂಡಿ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹಿಂದಿನ ದಿನ ಚಪ್ಪಡಿ ಸರಿಸಿ, ಮೇಲೆ ಬರೀ ಈಚಲು ಚಾಪೆ ಹಾಸಿದ್ದ. ಹೊರಬೀಡಿನ ದಿನ ಊರಿನಲ್ಲಿ ನಡೆದಾಡುವವರು ಯಾರಿರುತ್ತಾರೆ ಎಂಬ ಧೈರ್ಯ. ಆ ಗಾಳಿ ಏನು ಮಾಡುತ್ತದೆಂದು ನನಗೂ ಗೊತ್ತಿತ್ತು. ನಮ್ಮ ಚಿಕ್ಕತಾತ ಹಾಗೇ ಹೋದದ್ದು, ಕೂಗುವುದಕ್ಕೂ ಆಗಿರಲಿಲ್ಲವಂತೆ.

ಊರಬಾಗಿಲಲ್ಲಿ ದೊಡ್ಡಮುನಿಯಪ್ಪ ಅಡ್ಡ ನಿಂತಿದ್ದರು. ನಾನು ಹೊರಗಿನವಳು, ಅಮ್ಮನ ಕೋಪವೆಲ್ಲ ನನ್ನ ಮೇಲಿರಲಿ ಎಂದು ಹೇಳಿ ಮುಳ್ಳಿನೊಳಗೆ ನುಗ್ಗಿದೆ. ಸೀರೆ ಪರ್ರೆಂದು ಹರಿಯಿತು. ಹಿಂದೆ ಲಕ್ಕಣ್ಣ, ಒಂದು ಕೈಯಲ್ಲಿ ಬಾವಿ ಹಗ್ಗ, ಇನ್ನೊಂದರಲ್ಲಿ ಕ್ಯಾಂಪಿನ ಲಾಟೀನು.

"ಮುಳ್ಳು ದಾಟುದ್ರೆ ನೀನು ಊರ್ಗಾಗಾಕಿಲ್ಲ ಕಣ್ಲಾ. ನನ್ ಮಗನಾದ್ರೂ ಅಷ್ಟೇಯ," ಎಂದರು ಅವರು.

ಲಕ್ಕಣ್ಣ ದಾಟಿದ.

ಹಾಡುಹಗಲು, ಆದರೂ ಬೀದಿಯಲ್ಲಿ ಒಂದು ನಾಯಿಯಿಲ್ಲ, ಒಂದು ಒಲೆಯ ಹೊಗೆಯಿಲ್ಲ. ನಮ್ಮ ಹೆಜ್ಜೆ ಸದ್ದು ನಮಗೇ ಹೆದರಿಕೆ ಹುಟ್ಟಿಸುತ್ತಿತ್ತು. ಜಗುಲಿಯ ಮುಂದಿನ ಚಾಪೆ ನಡುವೆ ಕುಸಿದಿತ್ತು. ಕೂಗಿದೆ. ಕೆಳಗಿನಿಂದ ನರಳುವ ದನಿ ಬಂತು.

ನಾನು ಇಳಿಯಲು ಹೋದೆ. ಲಕ್ಕಣ್ಣ ನನ್ನ ಮಣಿಕಟ್ಟು ಹಿಡಿದ. ಇಷ್ಟು ದಿನ ಕೊಡ ಕೊಡುವಾಗ ಬೆರಳೂ ತಾಗದಂತೆ ಎಚ್ಚರ ವಹಿಸಿದವನು.

"ದೀಪ ಇಳಿಸ್ದೆ ಇಳಿಯೋ ಹಾಗಿಲ್ಲ. ಅದು ಆರಿದ್ರೆ ಕೆಟ್ಟ ಗಾಳಿ ಇದೆ ಅಂತ."

ಕಡ್ಡಿ ಗೀರಿದ. ಮುಳ್ಳು ಹಾಕಿದ ಊರಿನಲ್ಲಿ ಬೆಂಕಿ ಹೊತ್ತಿತು. ತಾನು ಏನು ಕಳೆದುಕೊಳ್ಳುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು, ಆದರೂ ಬತ್ತಿಗೆ ಕಡ್ಡಿ ಮುಟ್ಟಿಸಿದ. ಅವನ ಮೇಲೆ ನನಗಿದ್ದ ಆಸೆ ಪ್ರೀತಿಯಾದದ್ದು ಆಗಲೇ.

ಲಾಟೀನು ಕೆಳಗಿಳಿಯಿತು. ಉರಿ ಸಣ್ಣಗಾಯಿತು, ಆರಲಿಲ್ಲ. ಹಗ್ಗವನ್ನು ಜಗುಲಿಯ ಕಂಬಕ್ಕೆ ಕಟ್ಟಿ ಅವನು ಇಳಿದುಬಿಟ್ಟ.

ಅವನು ಹಗ್ಗ ಕಟ್ಟಿಕೊಟ್ಟ, ನಾನು ಎಳೆದೆ, ಮೊದಲು ಖುರ್ಷೀದ್ ಮೇಲೆ ಬಂದಳು. ಕಾಲು ಊದಿತ್ತು, ತಲೆಗೂದಲ ತುಂಬ ರಾಗಿ, ಆದರೆ ಉಸಿರಾಡುತ್ತಿದ್ದಳು. ಅವಳನ್ನು ಗಾಳಿಗೆ ಮಲಗಿಸಿ ಹಗ್ಗ ಮತ್ತೆ ಇಳಿಬಿಟ್ಟೆ. ಅಷ್ಟರಲ್ಲಿ ಕೆಳಗೆ ಬೆಳಕು ಆರಿತು.

ಲಕ್ಕಣ್ಣ ಹಗ್ಗ ಹಿಡಿದ, ಹತ್ತಲಾರದೆ ಜಾರಿದ. ಸೊಂಟಕ್ಕೆ ಕಟ್ಟಿಕೊಳ್ಳಿ ಎಂದು ಬೇಡಿಕೊಂಡೆ. ಕಟ್ಟಿಕೊಂಡನೇನೋ, ಹಗ್ಗ ಬಿಗಿಯಾಯಿತು. ಎಳೆದೆ. ಅಂಗೈ ಸುಲಿಯಿತೇ ಹೊರತು ಅವನು ಮೇಲೆ ಬರಲಿಲ್ಲ.

"ಲಕ್ಕಣ್ಣ, ನಿಮ್ಮನ್ನ ಇಲ್ಲಿ ಬಿಟ್ಟು ನಾನು ಬದುಕಲ್ಲ. ಕೇಳಿಸ್ತಾ? ನೀವಿಲ್ದೆ ನಾನು ಬದುಕಲ್ಲ."

ನನ್ನ ಕೈಗಳ ಹಿಂದೆ ಇನ್ನೆರಡು ಕೈಗಳು ಹಗ್ಗ ಹಿಡಿದವು. ದೊಡ್ಡಮುನಿಯಪ್ಪ. ಅವರ ತೋಳಿನ ತುಂಬ ಮುಳ್ಳು ಗೀರಿದ ರಕ್ತ.

ಖುರ್ಷೀದಳನ್ನು ಕ್ಯಾಂಪಿನಲ್ಲಿದ್ದ ನಮ್ಮ ಹೆಡ್‌ಮಿಸ್ಟ್ರೆಸ್ ಗಾಡಿಯಲ್ಲಿ ಯಲಹಂಕದ ಡಾಕ್ಟರ ಹತ್ತಿರ ಕರೆದೊಯ್ದರು. ಲಕ್ಕಣ್ಣ ತೋಪಿನ ಗಾಳಿಯಲ್ಲಿ ಸಂಜೆಯ ಹೊತ್ತಿಗೆ ಚೇತರಿಸಿಕೊಂಡ. ಯಜಮಾನಿಕೆ ಕಳೆದುಕೊಂಡ ದೊಡ್ಡಮುನಿಯಪ್ಪನ ಬದಲು ಅವರ ದಾಯಾದಿ ಚಿಕ್ಕಬೈರಪ್ಪ ಮುಳ್ಳು ತೆಗೆದರು. ಊರೆಲ್ಲ ಒಳಗೆ ಹೋಯಿತು. ಅಪ್ಪ, ಮಗ ಮಾತ್ರ ಮರದಡಿ ಉಳಿದರು.

"ನಾಳೆ ನಿಮ್ಮ ಕ್ಯಾಂಪ್ ಮುಗಿಯುತ್ತೆ ಮಿಸ್. ಮಕ್ಕಳ ಜೊತೆ ಹೊರಟುಬಿಡಿ," ಎಂದ ಲಕ್ಕಣ್ಣ.

"ಮಕ್ಕಳನ್ನ ಮನೆ ಸೇರಿಸಿ ಬರ್ತೀನಿ. ನಿಮ್ಮನ್ನ ಊರು ಒಳಕ್ಕೆ ಕರ್ಕೊಳ್ಳೋವರೆಗೂ ನಾನೂ ಹೊರಗೇ ಇರ್ತೀನಿ."

ಅಪ್ಪ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವನು ಕಣ್ಣಲ್ಲೇ ಸನ್ನೆ ಮಾಡಿದ. ಹಗೇವಿನ ಬಾಯಲ್ಲಿ ಇದಕ್ಕಿಂತ ಹೆಚ್ಚಿನದನ್ನೇ ಕೇಳಿಸಿಕೊಂಡಿದ್ದಾರೆ ಎಂದೆ.

ದೊಡ್ಡಮುನಿಯಪ್ಪ ನಿಧಾನವಾಗಿ ಎದ್ದು ಪಂಚೆಯ ಧೂಳು ಕೊಡವಿಕೊಂಡರು.

"ನಾನು ಎಷ್ಟ್ ದಿನವಾದ್ರೂ ಈಚೇಲಿ ಇರ್ತೀನಿ, ಚಿಂತೆಯಿಲ್ಲ. ಚಿಕ್ಕಬೈರಪ್ಪುನ್ಗೆ ಯೇಳ್ತೀನಿ. ಇವ್ನ ಒಳೀಕ್ ಕರ್ಕೊಳೋದಾದ್ರೆ ಒಬ್ಬುನ್ನೇ ಬ್ಯಾಡ. ಒಸ್ಲಲ್ಲಿ ಸೇರಕ್ಕಿ ಮಡಗಿ, ಇವ್ಳ ಕಾಲಲ್ಲಿ ಒದುಸಿ, ಇಬ್ರುನ್ನೂ ಒಟ್ಗೇ ಕರ್ಕೊಳ್ಳಿ."

ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದೆ. ಲಕ್ಕಣ್ಣ ಕುಳಿತಲ್ಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದ.