ಎರಡು ಬ್ರೇಕಿನ ಕಾರು

"ಆ ಸೀಟು ನನ್ನದು."

ಕಾರಿನ ಎಡಬಾಗಿಲು ತೆಗೆದು ಒಳಗೆ ಒಂದು ಕಾಲಿಟ್ಟಿದ್ದ ಮನುಷ್ಯ ಹಾಗೇ ನಿಂತುಬಿಟ್ಟ. ಅವನ ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ಜೋತಾಡುತ್ತಿತ್ತು. ಅದನ್ನು ತೆಗೆದಿಡಲೂ ಮರೆತು ಅಂಗಡಿಯಿಂದ ನೇರ ಬಂದವನಂತಿದ್ದ.

"ಓಡಿಸೋರು ಆ ಕಡೆ ಕೂರಬೇಕು," ಅವಳು ಸ್ಟೇರಿಂಗ್ ಕಡೆಗೆ ಕೈ ತೋರಿಸಿದಳು. "ಓಡಿಸೋದು ನೀವೇ ತಾನೇ?"

"ನಾನೇ. ಆದ್ರೆ ನೋಡಿ, ಕಾಲು ತಾನಾಗೇ ಈ ಕಡೆ ಬಂತು." ಅವನು ನಗಲು ನೋಡಿದ. ನಗೆ ಅರ್ಧಕ್ಕೇ ನಿಂತಿತು. "ಲೈಸೆನ್ಸ್ ಇದೆ ಮೇಡಂ. ಇಲ್ಲದಿರೋದು ಧೈರ್ಯ."

ಡ್ರೈವಿಂಗ್ ಸ್ಕೂಲಿನ ಮಾಲೀಕರು ಬೆಳಿಗ್ಗೆಯೇ ಹೇಳಿದ್ದರು: ಒಬ್ಬ ಟೈಲರ್, ಇಡೀ ದಿನಕ್ಕೆ ಕಾರು ಬೇಕಂತೆ, ಬೆಟ್ಟದ ಆಚೆಯ ಊರಿಗೆ ಹೋಗಬೇಕಂತೆ, ನೀನು ಪಕ್ಕದಲ್ಲಿ ಕೂತರೆ ಸಾಕಂತೆ. ಪಕ್ಕದಲ್ಲಿ ಕೂರುವುದೇ ಅವಳ ಕೆಲಸ. ಆ ಕಾರಿನಲ್ಲಿ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಅವಳು ಅದನ್ನೊತ್ತಿದರೆ ಓಡಿಸುವವರ ಪಾದದಡಿಯ ಪೆಡಲೂ ಜೊತೆಗೇ ಕೆಳಗಿಳಿಯುತ್ತಿತ್ತು. ಕಲಿಯಲು ಬರುವ ಹುಡುಗಿಯರು ಬೆನ್ನ ಹಿಂದೆ ಅವಳನ್ನು 'ಬ್ರೇಕ್ ಮೇಡಂ' ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಬಸ್ಸಿನಲ್ಲಿ, ಸಿನಿಮಾ ನೋಡುವಾಗ, ಮನೆಯ ಸೋಫಾದ ಮೇಲೆ ಒಬ್ಬಳೇ ಕೂತಿರುವಾಗಲೂ ಅವಳ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಬಿಟ್ಟುಹೋದ ಗಂಡ ಕೊನೆಗೆ ಹೇಳಿದ್ದು ಒಂದೇ ಮಾತು: "ನಿನ್ನ ಪಕ್ಕ ಕೂತ್ರೆ ದಿನಾ ಪರೀಕ್ಷೆಗೆ ಕೂತ ಹಾಗಿರುತ್ತೆ." ಅವಳಿಗೆ ಸಿಟ್ಟು ಬಂದಿರಲಿಲ್ಲ. ನಿಜವಿರಬಹುದು ಎನ್ನಿಸಿತ್ತು.

ಟೈಲರ್ ಸ್ಟೇರಿಂಗ್ ಮುಂದೆ ಕೂತು ಸೀಟ್ ಬೆಲ್ಟ್ ಹಾಕಿಕೊಂಡ. ಬಿಚ್ಚಿದ. ಮತ್ತೆ ಹಾಕಿಕೊಂಡ.

"ಯಾಕೆ ಇವತ್ತೇ?" ಎಂದು ಅವಳು ಕೇಳಿದಳು.

"ನಾಳೆ ಬೆಳಿಗ್ಗೆ ನಮ್ಮಣ್ಣನಿಗೆ ಹೃದಯದ ಆಪರೇಷನ್. ಇವತ್ತು ಸಂಜೆಯೊಳಗೆ ಆಸ್ಪತ್ರೆಗೆ ಸೇರಿಸ್ಬೇಕು. 'ನನ್ನ ತಮ್ಮ ಬಂದು ಕರ್ಕೊಂಡು ಹೋದ್ರೆ ಮಾತ್ರ ಬರ್ತೀನಿ, ಅವನೇ ಓಡಿಸ್ಬೇಕು, ಬೇರೆಯವರು ಓಡಿಸೋ ಗಾಡಿ ಹತ್ತಲ್ಲ' ಅಂತ ಹಟ ಹಿಡಿದು ಕೂತಿದಾನೆ." ಕೀ ತಿರುಗಿಸಿದ. "ಅವನಿಗೆ ಬಲಗಾಲಿಲ್ಲ ಮೇಡಂ. ಕಳೆದದ್ದು ನಾನು."

*

ಹೆದ್ದಾರಿಗೆ ಬರುವವರೆಗೂ ಅವಳು ಕನ್ನಡಿ ನೋಡುವಳು, ರಸ್ತೆ ನೋಡುವಳು, ಅವನ ಕೈ ನೋಡುವಳು. ಉದ್ದನೆಯ ಬೆರಳುಗಳು, ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಸ್ಟೇರಿಂಗನ್ನು ಅವನು ರೇಷ್ಮೆ ಬಟ್ಟೆಯಂತೆ ಹಿಡಿದಿದ್ದ. ಬಿಗಿ ಹಿಡಿದರೆ ಎಲ್ಲಿ ಸುಕ್ಕಾಗುವುದೋ ಎಂಬಂತೆ.

ಪ್ರತಿ ತಿರುವಿನಲ್ಲೂ ಅವಳ ಪಾದ ಮೆಲ್ಲಗೆ ಬ್ರೇಕ್ ಮುಟ್ಟುತ್ತಿತ್ತು. ಅವನಿಗೆ ಗೊತ್ತಾಗದಷ್ಟು ಮೆಲ್ಲಗೆ ಎಂದು ಅವಳು ತಿಳಿದಿದ್ದಳು.

"ನಿಮ್ಮ ಬಲಗಾಲಿನ ಚಪ್ಪಲಿ ಮುಂದುಗಡೆ ಪೂರ್ತಿ ಸವೆದಿದೆ," ಎಂದ ಇದ್ದಕ್ಕಿದ್ದಂತೆ. "ಎಡಗಾಲಿಂದು ಹೊಸದರ ಹಾಗಿದೆ."

"ರಸ್ತೆ ನೋಡಿ. ನನ್ನ ಕಾಲು ನೋಡೋಕೆ ಬಂದ್ರಾ?"

"ಹತ್ತೋವಾಗ ನೋಡಿದ್ದು. ಅಳತೆ ತಗೊಳ್ಳೋ ಕಣ್ಣು ಮೇಡಂ, ಏನ್ ಮಾಡ್ಲಿ? ಸುಮ್ನಿರು ಅಂದ್ರೆ ಸುಮ್ನಿರಲ್ಲ."

"ಆ ಕಣ್ಣಿಗೆ ಮುಂದಿರೋ ಬಸ್ಸಿನ ಅಳತೆ ತಗೊಳ್ಳೋಕೆ ಹೇಳಿ."

ಅವನು ನಕ್ಕ. ಈ ಸಲ ನಗೆ ಪೂರ್ತಿ ಬಂತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಿಟಕಿಯ ಗಾಜಿನಲ್ಲಿ ತನ್ನದೇ ತುಟಿ ಸಡಿಲವಾಗುತ್ತಿರುವುದು ಕಂಡು ಕೂಡಲೇ ಬಿಗಿಮಾಡಿಕೊಂಡಳು.

ಅವನ ಫೋನ್ ಬಡಿದುಕೊಂಡಿತು. ಅವನ ಕಣ್ಸನ್ನೆಗೆ ಅವಳೇ ಸ್ಪೀಕರ್ ಒತ್ತಿದಳು.

"ಎಲ್ಲಿದೀಯಪ್ಪಾ?" ಹೆಣ್ಣಿನ ದನಿ. "ನಿಮ್ಮಣ್ಣ ಬ್ಯಾಗು ತೊಡೆ ಮೇಲಿಟ್ಕೊಂಡು ಬಾಗಿಲಲ್ಲೇ ಕೂತಿದಾರೆ. ಆಂಬ್ಯುಲೆನ್ಸ್ ಕರೀತೀನಿ ಅಂದ್ರೆ ಊರುಗೋಲು ಎತ್ತುತಾರೆ. ಉಸಿರು ಬೇರೆ ಸರಿಯಾಗಿ ಬರ್ತಿಲ್ಲ."

"ಬರ್ತಿದೀನಿ ಅತ್ತಿಗೆ."

"ಪ್ರತಿ ವರ್ಷ ಬರ್ತೀನಿ ಅಂದೆ. ಯಾವತ್ತು ಬಂದಿದೀಯ? ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಡ್ರೈವಿಂಗ್ ಟೀಚರ್."

"ಮೇಡಮ್ಮೋರೇ, ಕೈ ಮುಗೀತೀನಿ. ಅವನನ್ನ ಮಧ್ಯದಲ್ಲಿ ಇಳಿದು ಓಡೋಕೆ ಮಾತ್ರ ಬಿಡ್ಬೇಡಿ."

ಫೋನ್ ಇಟ್ಟ ಮೇಲೆ ಅವನ ಕಿವಿ ಕೆಂಪಗಾಗಿತ್ತು. ಇಷ್ಟು ವರ್ಷ ಮುಖ ತಪ್ಪಿಸಿಕೊಂಡವನು ಇಂದು ಹೊರಟಿದ್ದಾನೆ. ತಲುಪುತ್ತಾನೋ ಇಲ್ಲವೋ ಎಂಬುದರ ಮೇಲೆ ಒಂದು ಜೀವ ನಿಂತಿದೆ. ತನಗೆ ಸಂಬಂಧವಿಲ್ಲದ ಆ ಜೀವಕ್ಕಾಗಿ ಅವಳ ಎದೆಯೂ ಹೊಡೆದುಕೊಳ್ಳತೊಡಗಿತ್ತು.

*

ಮುಂದೆ ರೈಲ್ವೇ ಗೇಟು ಬಿದ್ದಿತ್ತು. ಸಾಲಿನ ಕೊನೆಯಲ್ಲಿ ಕಬ್ಬಿಣದ ಸರಳು ತುಂಬಿದ ಲಾರಿ. ಸರಳುಗಳು ಲಾರಿಯಿಂದ ಮಾರುದ್ದ ಹೊರಚಾಚಿದ್ದವು; ಅವುಗಳ ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಒಂದೇ ಒಂದು ಸಲ ಇವನಿಗೇ ಬಿಟ್ಟು ನೋಡೋಣ ಎಂದುಕೊಂಡಳು ಅವಳು. ಪಾದವನ್ನು ಕೂದಲೆಳೆಯಷ್ಟು ಮೇಲೆ ಹಿಡಿದಳು.

ಕಾರು ನಿಧಾನವಾಗಲಿಲ್ಲ. ಕೆಂಪು ಬಟ್ಟೆ ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು. ಅವನು ಕಣ್ಣು ಬಿಟ್ಟುಕೊಂಡೇ ಇದ್ದ, ನೋಡುತ್ತಲೇ ಇದ್ದ—

ಅವಳು ಮೈಯ ಭಾರವನ್ನೆಲ್ಲ ಹಾಕಿ ತುಳಿದಳು. ಟೈರು ಕಿರುಚಿತು. ಸರಳಿನ ತುದಿ ಗಾಜಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ಯಾಕೆ ಬ್ರೇಕ್ ಹಾಕ್ಲಿಲ್ಲ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ನೀವು ಹಾಕ್ತೀರಿ ಅಂತ..."

"ಏನು?"

"ಬೆಳಗಿಂದ ನೀವೇ ಹಾಕ್ತಿದೀರಲ್ಲ." ಅವನ ಮುಖದಲ್ಲಿ ರಕ್ತವಿರಲಿಲ್ಲ. "ಮೊದಲನೇ ತಿರುವಿನಿಂದ. ಹೊಲಿಗೆ ಮೆಷಿನ್ ತುಳಿಯೋ ಕಾಲು ಇದು, ಪೆಡಲ್ ಒಂದು ಕೂದಲಷ್ಟು ಇಳಿದ್ರೂ ಗೊತ್ತಾಗುತ್ತೆ. ನನ್ನ ಕಾಲ ಕೆಳಗೆ ಯಾರೋ ಕಾಲಿಟ್ಟು ಹೆದರಬೇಡ ಅಂದ ಹಾಗಿತ್ತು. ಅದಕ್ಕೆ... ಅದು ಇಳಿಯೋದನ್ನೇ ಕಾಯ್ತಾ ಕೂತೆ."

ತಾನು ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದ ಸ್ಪರ್ಶವನ್ನು ಒಬ್ಬ ಮನುಷ್ಯ ದಾರಿಯುದ್ದಕ್ಕೂ ಕೈ ಹಿಡಿದಂತೆ ಹಿಡಿದುಕೊಂಡು ಬಂದಿದ್ದ. ಅವಳ ಕೆನ್ನೆ ಬಿಸಿಯಾಯಿತು. ಮರುಕ್ಷಣವೇ ಬೆನ್ನು ತಣ್ಣಗಾಯಿತು: ಅವನ ಕಾಲನ್ನು ಕುಂಟಾಗಿಸಿದ್ದು ತನ್ನ ಕಾಲೇ.

*

ಗೇಟಿನ ಪಕ್ಕದ ಚಹಾದ ಅಂಗಡಿಯಲ್ಲಿ ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಆದರೂ ಚಹಾ ಚೆಲ್ಲುತ್ತಿತ್ತು.

"ಆಕ್ಸಿಡೆಂಟ್ ಆದ ದಿನ ನಾನು ಓಡಿಸ್ತಿದ್ದೆ, ಅಣ್ಣ ಪಕ್ಕದಲ್ಲಿ ನಿದ್ದೆ ಮಾಡ್ತಿದ್ದ," ಎಂದ. "'ನೀನಿದೀಯಲ್ಲ, ಇನ್ನೇನು' ಅಂತ ಹೇಳಿ ಮಲಗಿದ. ತಿರುವಿನಲ್ಲಿ ಒಂದು ಲಾರಿ ನಿಂತಿತ್ತು. ನಾನು ಬ್ರೇಕ್ ಹಾಕಿದ್ದು ತಡ ಆಯ್ತು. ಅವನು ಎದ್ದದ್ದು ಆಸ್ಪತ್ರೆಯಲ್ಲೇ." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಊರಲ್ಲೇ ಇರ್ತಿದ್ದೆ."

ಅವಳು ತನ್ನ ಕರವಸ್ತ್ರವನ್ನು ಅವನ ಒದ್ದೆ ಮಣಿಕಟ್ಟಿನ ಮೇಲಿಟ್ಟಳು.

"ಮೇಡಂ, ನೀವೇ ಓಡಿಸಿಬಿಡಿ," ಎಂದ ಅವನು ತಲೆ ಎತ್ತದೆ. "ಊರ ಹತ್ತಿರ ನಾನು ಸ್ಟೇರಿಂಗ್ ಹಿಡೀತೀನಿ. ಅಣ್ಣನಿಗೆ ಗೊತ್ತಾಗಲ್ಲ."

ಹೂಂ ಎಂದರೆ ಮುಗಿಯಿತು. ಕಾರು ಕ್ಷೇಮ, ತಾನು ಕ್ಷೇಮ, ಬಿಸಿಲಿಳಿಯುವ ಮೊದಲು ಊರು. ನಾಲಿಗೆಯ ತುದಿಗೆ ಬಂದ ಹೂಂ ಅನ್ನು ಅವಳು ನುಂಗಿದಳು.

"ಮನೆಯಿಂದ ಆಸ್ಪತ್ರೆಗೆ ಹೋಗೋವಾಗ ನನ್ನ ಸೀಟಲ್ಲಿ ಯಾರು ಕೂರ್ತಾರೆ?"

"ಅಣ್ಣ. ಅವನಿಗೆ ಮುಂದೇ ಬೇಕು."

"ಆ ಬ್ರೇಕ್ ಇರೋದು ಬಲಗಾಲಿಗೆ."

ಅವನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

ಕಾರಿನಲ್ಲಿ ಅವಳು ಎರಡೂ ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ಎಸೆದಳು. ಕಾಲು ಮೇಲೆತ್ತಿ ಸೀಟಿನ ಮೇಲೆ ಮಡಚಿಕೊಂಡಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

"ಬೇಡ," ಎಂದ ಅವನು.

"ನಂಗೂ ಬೇಡ ಅನ್ನಿಸ್ತಿದೆ. ಬೇಗ ಹೊರಡಿ, ಮನಸ್ಸು ಬದಲಾಯಿಸಿಬಿಡ್ತೀನಿ."

*

ಬೆಟ್ಟ ಹತ್ತುವುದು ಕಷ್ಟವಾಗಲಿಲ್ಲ. ಇಳಿಯುವುದಿತ್ತಲ್ಲ, ಅಲ್ಲಿ ಅವಳ ಜೀವ ಬಾಯಿಗೆ ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಟು ಕಲ್ಲುಗಳ ಸಾಲು, ಅದರಾಚೆ ಬರೀ ಆಕಾಶ. ಮಡಚಿದ ಕಾಲು ಒಂದೇ ಸಮನೆ ತುಡಿಯುತ್ತಿತ್ತು. ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಮಾತಾಡಿ," ಎಂದ ಅವನು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಏನು ಮಾತಾಡ್ಲಿ?"

"ಏನಾದ್ರೂ. ಬೈದ್ರೂ ಪರವಾಗಿಲ್ಲ."

"ನಾನು ಹತ್ತಿರ ಇದ್ರೆ ಪರೀಕ್ಷೆಗೆ ಕೂತ ಹಾಗಿರುತ್ತಂತೆ. ನನ್ನ ಗಂಡ ಅಂದಿದ್ದು. ಈಗ ಗಂಡ ಅಲ್ಲ."

"ಅವರು ಓದ್ಕೊಂಡು ಬಂದಿರಲಿಲ್ಲ, ಅಷ್ಟೇ."

ಅವಳಿಗೆ ನಗು ಒಡೆದುಕೊಂಡು ಬಂತು. ಆ ನಗುವಿನ ಮಧ್ಯದಲ್ಲೇ ತಿರುವು. ತಿರುವಿನಾಚೆ, ರಸ್ತೆಗೆ ಅಡ್ಡಲಾಗಿ, ಕೆಟ್ಟು ನಿಂತ ಟ್ರ್ಯಾಕ್ಟರ್.

ಅವಳ ಕಾಲು ಚಿಮ್ಮಿತು, ಕೈ ಬಿಡಲಿಲ್ಲ. ಅವಳು ಟ್ರ್ಯಾಕ್ಟರ್ ನೋಡಲಿಲ್ಲ, ಅವನನ್ನು ನೋಡಿದಳು. ಅವನ ಕಣ್ಣಲ್ಲಿ ಹಳೆಯ ಲಾರಿ ಹಾದುಹೋದದ್ದು ಕಂಡಿತು. ಯಾರೋ ತುಳಿಯಲಿ ಎಂದು ಕಾದ ಒಂದು ರೆಪ್ಪೆಯ ಬಡಿತ ಕಂಡಿತು. ಆಮೇಲೆ ಅವನ ದವಡೆ ಬಿಗಿಯಿತು, ಪಾದ ಕೆಳಗಿಳಿಯಿತು. ಖಾಲಿ ಬಿದ್ದಿದ್ದ ಅವಳ ಪೆಡಲ್ ಅಲುಗಲಿಲ್ಲ.

ಕಾರು ನಿಂತಿತು. ನಯವಾಗಿ, ಹೊಲಿಗೆಯ ಕೊನೆಯಲ್ಲಿ ಮೆಷಿನ್ ನಿಲ್ಲುವ ಹಾಗೆ.

ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿಯ ಕೆಳಗೆ ಅವನ ಎದೆಬಡಿತ ಅವಳ ಕೈಗೆ ತಿಳಿಯುತ್ತಿತ್ತು. ಕೈ ತೆಗೆಯಬೇಕೆಂದು ಅವಳಿಗೆ ತೋಚಲೇ ಇಲ್ಲ.

"ನಿಮ್ಮ ಕಾಲು?" ಎಂದು ಕೇಳಿದ, ಹಾಗೇ.

"ಇಲ್ಲೇ ಇದೆ. ಜೋಮು ಹಿಡಿದಿದೆ."

*

ಅಣ್ಣ ನಿಜಕ್ಕೂ ಬಾಗಿಲಲ್ಲೇ ಕೂತಿದ್ದ. ದಪ್ಪ ಮೀಸೆಯ, ಬೂದಿ ಬಣ್ಣಕ್ಕೆ ತಿರುಗಿದ ಮುಖದ ಮನುಷ್ಯ. ಕಾರಿನಿಂದಿಳಿದ ತಮ್ಮ ಅಂಗಳದಲ್ಲೇ ನಿಂತ. ಮುಂದಕ್ಕೆ ಹೆಜ್ಜೆ ಏಳಲಿಲ್ಲ.

"ನೋಡೇ," ಅಣ್ಣ ಹೆಂಡತಿಗೆ ಹೇಳಿದ, ಉಸಿರೆಳೆದುಕೊಳ್ಳುತ್ತ. "ಕಾಲು ಕಳ್ಕೊಂಡಿದ್ದು ನಾನು, ಕುಂಟ್ತಿರೋನು ಇವನು." ಆಮೇಲೆ ಕಾರಿನ ಬಳಿ ನಿಂತಿದ್ದ ಅವಳ ಕಡೆ ತಿರುಗಿದ. "ನಿಜ ಹೇಳಮ್ಮ. ಓಡಿಸಿದ್ದು ಯಾರು?"

ಅವಳು ಮಾತನ್ನು ತೂಗಿ ನೋಡಿದಳು. "ರೈಲ್ವೇ ಗೇಟಿನವರೆಗೆ ಇಬ್ಬರೂ. ಅಲ್ಲಿಂದ ಇವರೊಬ್ಬರೇ."

"ಬೆಟ್ಟ?"

"ಇವರೊಬ್ಬರೇ."

ಅಣ್ಣನ ಮೀಸೆ ಅದುರಿತು. ಊರುಗೋಲನ್ನು ತಮ್ಮನತ್ತ ಚಾಚಿದ. ಅವನು ಓಡಿಬಂದು ಅದನ್ನು ಹಿಡಿಯುವ ಬದಲು ಅಣ್ಣನನ್ನೇ ತಬ್ಬಿಕೊಂಡ. ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡು, "ಅಳೋದನ್ನ ಆಸ್ಪತ್ರೆಯಲ್ಲಿ ಅಳಿ, ಹೊತ್ತಾಯ್ತು," ಎಂದು ಬ್ಯಾಗೆತ್ತಿಕೊಂಡಳು.

ಮುಂದಿನ ಸೀಟಿಗೆ ಅಣ್ಣ ಬಂದ. ಕೆಳಗೆ ಬಗ್ಗಿ ನೋಡಿ, "ಇಲ್ಲೊಂದು ಬ್ರೇಕ್ ಇದೆಯಲ್ಲೋ! ಇದನ್ನ ಒತ್ತೋಕೆ ಹೇಳಿದ್ರೆ ನಾನು ಕಾಲು ಎಲ್ಲಿಂದ ತರ್ಲಿ?" ಎಂದ. ಯಾರೂ ನಗುವ ಮೊದಲೇ ಸೀಟಿಗೆ ಒರಗಿ ಕಣ್ಣು ಮುಚ್ಚಿದ. ಆಸ್ಪತ್ರೆ ಬರುವವರೆಗೂ ತೆರೆಯಲಿಲ್ಲ. ತಮ್ಮ ಓಡಿಸಿದ. ಹಿಂದೆ ಅತ್ತಿಗೆಯ ಪಕ್ಕ ಕೂತ ಅವಳು ಕನ್ನಡಿಯಲ್ಲಿ ಅವನ ಕಣ್ಣುಗಳನ್ನು ನೋಡಿದಳು. ಅವು ತುಂಬಿದ್ದವು, ಆದರೆ ರಸ್ತೆಯ ಮೇಲೇ ಇದ್ದವು.

*

ಮರುದಿನ ಮಧ್ಯಾಹ್ನದವರೆಗೂ ಅವಳು ಆಸ್ಪತ್ರೆಯ ಬೆಂಚಿನಿಂದ ಏಳಲಿಲ್ಲ. ಕಾರು ಒಂದು ದಿನ ತಡವಾಗಿ ಬರುತ್ತದೆ ಎಂದು ಮಾಲೀಕರಿಗೆ ಹೇಳಿದ್ದಳು. ಡಾಕ್ಟರು ಹೊರಬಂದು ಎಲ್ಲ ಸರಿಹೋಯಿತೆಂದು ತಲೆಯಾಡಿಸಿದಾಗ ಅವನು ಹುಡುಕಿದ್ದು ಅವಳ ಕೈಯನ್ನೇ. ಅತ್ತಿಗೆ ಅದನ್ನು ಕಂಡೂ ಕಾಣದವಳಂತೆ, "ಇಲ್ಲಿ ನಾನಿದೀನಿ. ಇವರನ್ನ ಮನೆಗೆ ಬಿಟ್ಟು ಬಾ. ನಾಳೆ ಬಂದ್ರೆ ಸಾಕು," ಎಂದಳು.

ಕಾರಿನ ಬಳಿ ಅವನು ಅವಳ ಬಾಗಿಲನ್ನು ತೆರೆದು ಹಿಡಿದ.

"ಈ ಸೀಟು ನಿಮ್ಮದು," ಎಂದ. ಕುತ್ತಿಗೆಯ ಟೇಪನ್ನು ಕೊನೆಗೂ ತೆಗೆದು ಜೇಬಿಗೆ ತುರುಕಿದ. "ನಾಡಿದ್ದು, ಆಚೆ ನಾಡಿದ್ದು... ಪಾಠ ಇಲ್ಲದಿದ್ರೂ, ನೀವು ಪಕ್ಕದಲ್ಲಿ ಕೂರ್ತೀರಾ?"

ಅವಳು ಕೂತಳು. ಚಪ್ಪಲಿ ಬಿಚ್ಚಿದಳು. ಸೀಟಿನ ಹಿಡಿಕೆ ಎಳೆದು ಹಿಂದಕ್ಕೆ ಒರಗಿಸಿದಳು.

"ಬೆಟ್ಟ ಬಂದಾಗ ಎಬ್ಬಿಸ್ಬೇಡಿ," ಎಂದಳು.

"ನಿದ್ದೆ ಮಾಡ್ತೀರಾ?" ಅವನು ಬಗ್ಗಿ ಅವಳ ಮುಖ ನೋಡಿದ. "ನಾನು ಓಡಿಸೋವಾಗ? ನನ್ನ ಪಕ್ಕ?"

"ಹೂಂ. ನೀವಿದೀರಲ್ಲ."

ಅವಳು ಕಣ್ಣು ಮುಚ್ಚಿದಳು. ಕಾರು ಹೊರಟಿತು. ಮೊದಲನೇ ತಿರುವಿನಲ್ಲಿ ಬ್ರೇಕ್ ಮೆಲ್ಲಗೆ ಬಿದ್ದದ್ದು ಅವಳಿಗೆ ಗೊತ್ತಾಯಿತು. ಎರಡನೆಯದು ಗೊತ್ತಾಗಲಿಲ್ಲ.