ತಗಡು ಮುಚ್ಚಳದ ಕೌದಿ

ಬಹಳ ಹಿಂದೆ, ಏಳು ಉಪ್ಪುನೀರು ದಾಟಿದರೆ ಸಿಗುವ ಆಫ್ರಿಕದ ಕಡಲಂಚಿನಲ್ಲಿ ಒಂದು ರಾಜ್ಯವಿತ್ತು. ಲೋಕದ ಹಡಗುಗಳೆಲ್ಲ ತಮ್ಮ ಮುರುಕು ಹರುಕನ್ನು ಅಲ್ಲೇ ಸುರಿದು ಹೋಗುತ್ತಿದ್ದವು. ಆ ಗುಡ್ಡೆಯ ಮೇಲೊಬ್ಬ ಮಾಂತ್ರಿಕ ಕೂತಿದ್ದ. ಯಾರು ಯಾವುದನ್ನು ಕಸ ಅಂದರೂ ಅದು ಅವನದಾಗುತ್ತಿತ್ತು. ರಾಜ ಎಲ್ಲಿದ್ದ ಅಂತೀರಾ? ಅಯ್ಯೋ, ರಾಣಿ ಅವನನ್ನು ಕಸ ಅಂದು ಎಷ್ಟೋ ಕಾಲವಾಗಿತ್ತು!

ಆ ಊರಲ್ಲಿ ಅಬೇನಾ ಅಂತ ಕೌದಿ ಹೊಲಿಯುವವಳಿದ್ದಳು. ಒಂದು ಮಧ್ಯಾಹ್ನ ಅವಳ ಮಗಳು ಎಫುವಾ ಒಲೆ ಮೇಲಿನ ಗಂಜಿ ಮರೆತಳು, ಗಂಜಿ ಸೀದುಹೋಯಿತು. ಅಬೇನಾ ಸಿಟ್ಟಿನಲ್ಲಿ, "ಕಸಕ್ಕಿಂತ ಕಡೆ ನೀನು!" ಅಂದುಬಿಟ್ಟಳು. ಮಗಳು ನಿಂತಲ್ಲೇ ಮಾಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಬೇನಾ ಗುಡ್ಡೆಗೆ ಓಡಿದಳು. "ಅಪ್ಪಾ, ಕೋಪಕ್ಕೆ ಅಂದೆ. ಮಗಳನ್ನ ಕೊಟ್ಟುಬಿಡು."

"ಇಲ್ಲೇ ಎಲ್ಲೋ ತಗಡಾಗಿ ಬಿದ್ದಿದ್ದಾಳೆ," ಅಂದ ಮಾಂತ್ರಿಕ. "ಮೂರು ಕೆಲಸ ಮಾಡು, ಕೊಡ್ತೀನಿ. ಮೊದಲು ನನಗೊಂದು ಮಾತಾಡೋ ಮುಖ ಬೇಕು."

ಅಬೇನಾ ತೂತುಬಿದ್ದ ಎಣ್ಣೆ ಕ್ಯಾನು ಕೊಯ್ದಳು. ಹಿಡಿಕೆ ಮೂಗಾಯಿತು, ಕ್ಯಾನಿನ ಬಾಯಿ ಮುಖದ ಬಾಯಾಯಿತು. ಗಾಳಿ ಬೀಸಿತು. "ಅಬೇನಾ, ಇವನು ಕೊಡೋನಲ್ಲ," ಅಂದಿತು ಮುಖ.

"ಇಷ್ಟೇನಾ?" ಅಂದ ಮಾಂತ್ರಿಕ. "ನನಗೆ ಚಳಿ. ಕೌದಿ ಹೊಲಿ."

ಆ ಗುಡ್ಡೆಯಲ್ಲಿ ಬಟ್ಟೆ ಎಲ್ಲಿಂದ ಬರಬೇಕು? ಶೀಶೆಗಳ ತಗಡು ಮುಚ್ಚಳ ಹೆಕ್ಕಿದಳು. ಒಂದೊಂದನ್ನೂ ಬಡಿದು ಚಪ್ಪಟೆ ಮಾಡಿ, ನಾಲ್ಕು ಕಡೆ ತೂತು ಹೊಡೆದು, ತಾಮ್ರದ ತಂತಿಯಲ್ಲಿ ಕಟ್ಟಿದಳು. ಬೆರಳು ಹರಿದು ರಕ್ತ ಸುರಿಯಿತು. ಕೌದಿ ಬಂಗಾರದಂತೆ ಹೊಳೆಯಿತು, ಮಗಳು ಮಾತ್ರ ಸಿಗಲಿಲ್ಲ. ಅಳುವುದಕ್ಕೂ ಅವಳ ಕಣ್ಣಲ್ಲಿ ನೀರು ಉಳಿದಿರಲಿಲ್ಲ.

"ಇಷ್ಟೇನಾ?" ಅಂದ ಮಾಂತ್ರಿಕ. "ಕಡೇ ಕೆಲಸ ಸುಲಭ. ಈ ಗುಡ್ಡೆಯಲ್ಲಿ ಕಸ ಯಾವುದು, ಎತ್ತಿ ತೋರಿಸು."

ಅಬೇನಾ ಮುರಿದ ಬಾಚಣಿಗೆ ಎತ್ತಿದಳು. ಇದು ಇನ್ನೊಂದು ಮುಖಕ್ಕೆ ಹಲ್ಲಾದೀತು. ಒಡೆದ ಗುಂಡಿ ಎತ್ತಿದಳು. ಇದು ಕಣ್ಣಾದೀತು. ಸವೆದ ಚಪ್ಪಲಿ ನಾಲಿಗೆಯಾದೀತು. ಸಂಜೆಯವರೆಗೂ ಎತ್ತಿದಳು, ಇಟ್ಟಳು. ಕೊನೆಗೆ ಕುಸಿದು ಕೂತಳು. ಮಗಳು ಇನ್ನು ಬರುವುದಿಲ್ಲ ಅಂತ ಅವಳಿಗೆ ಖಾತ್ರಿಯಾಯಿತು.

"ಸೋತೆ ಕಣಪ್ಪಾ," ಅಂದಳು. "ಇದರಲ್ಲಿ ಕಸ ಅನ್ನೋದು ಒಂದೂ ಇಲ್ಲ."

ಆ ಮಾತು ಬಿದ್ದದ್ದೇ ತಡ, ಮಾಂತ್ರಿಕನದು ಅನ್ನುವುದು ಏನೂ ಉಳಿಯಲಿಲ್ಲ. ಅವನೂ ಉಳಿಯಲಿಲ್ಲ. ಗುಡ್ಡೆಯಿಂದ ಜನ ಎದ್ದರು, ರಾಜನೂ ಮೈಕೊಡವಿಕೊಂಡು ಎದ್ದ. ಕೌದಿಯ ನಡುವಿನ ಒಂದು ಮುಚ್ಚಳ ಬಿಚ್ಚಿಕೊಂಡು ಎಫುವಾ ಆಗಿ ನಿಂತಿತು. ಅವಳ ಎರಡು ಕಿವಿಯಲ್ಲಿ, ಎರಡು ಹಿಮ್ಮಡಿಯಲ್ಲಿ ತೂತುಗಳಿದ್ದವು.

"ಅವ್ವಾ, ನೀನು ಬಡಿಯುವಾಗ ನಾನು ಕೂಗಿದೆ. ಕೇಳಿಸಲಿಲ್ವಾ?"

ಅಬೇನಾಳ ಎದೆ ಒಡೆಯಿತು. "ಇಲ್ಲ ಕಂದಾ. ನಿನ್ನನ್ನೇ ಹುಡುಕ್ತಾ ಇದ್ದೆ."

ಆಮೇಲೆ ಆ ರಾಜ್ಯದವರೆಲ್ಲ ಉಂಡು ಉಟ್ಟು ಚೆನ್ನಾಗಿಯೇ ಬಾಳಿದರು. ಎಫುವಾ ಆಮೇಲೂ ಎಷ್ಟೋ ಸಲ ಗಂಜಿ ಸೀಯಿಸಿದಳು. ಆಗೆಲ್ಲ ತಾಯಿ ಸಿಟ್ಟು ಇಳಿಯುವವರೆಗೆ ಬಾಯಿಗೆ ಬಟ್ಟೆ ತುರುಕಿಕೊಂಡು, ಆಮೇಲೆ ಅದನ್ನು ತೆಗೆದು ಆ ಸೀದ ಗಂಜಿಯನ್ನೇ ಬಡಿಸಿಕೊಂಡು ಉಣ್ಣುತ್ತಿದ್ದಳು.